ನೀವು ಕೇಳಿದಿರಿ: ನೆಲದಡಿಯ ಬಂಡೆ ಎಷ್ಟು ಸೆಳೆಯುತ್ತದೆ?

ಗುರುತ್ವ ಸಮೀಕ್ಷೆಯ ಬಗ್ಗೆ, ಅಂದರೆ ಜಾಗದಿಂದ ಜಾಗಕ್ಕೆ ಗುರುತ್ವ ಅಳೆದು ನೆಲದಡಿ ಏನಿದೆ ಎಂದು ತಿಳಿಯುವ ಕೆಲಸದ ಬಗ್ಗೆ, ಹಿಂದಿನ ಸಂಚಿಕೆಯಲ್ಲಿ ಬರೆದಿದ್ದೆ. ಆಮೇಲೆ ಬಂದ ಪತ್ರಗಳಲ್ಲಿ ಹೆಚ್ಚಿನವು ಒಂದೇ ವಿಷಯ ಹಿಡಿದು ಕೇಳಿವೆ: ಎಲ್ಲೆಡೆ ಒಂದೇ ಸಾಂದ್ರತೆಯ ಒಂದು ಘನಕಾಯ ತನ್ನ ಹೊರಗಿನ ಒಂದು ಬಿಂದುವಿನಲ್ಲಿ ಎಷ್ಟು ಗುರುತ್ವ ಉಂಟುಮಾಡುತ್ತದೆ, ಅದನ್ನು ಲೆಕ್ಕಹಾಕುವುದು ಹೇಗೆ? ನನ್ನ ವೃತ್ತಿಯ ಬಹುಪಾಲು ಇದೇ ಲೆಕ್ಕದಲ್ಲಿ ಕಳೆದಿದೆ, ಹಾಗಾಗಿ ಈ ತಿಂಗಳ ಅಂಕಣವನ್ನು ಪೂರ್ತಿ ಇದಕ್ಕೇ ಕೊಡುತ್ತಿದ್ದೇನೆ. ಅಳತೆಯ ಮಾತು ಮೊದಲೇ ಹೇಳಿಬಿಡುತ್ತೇನೆ. ಭೂಮಿಯ ಗುರುತ್ವ ಸುಮಾರು 9,80,000 ಮಿಲಿಗ್ಯಾಲ್. ಅಂದರೆ ಒಂದು ಮಿಲಿಗ್ಯಾಲ್ ನಮ್ಮ ತೂಕದ ಹತ್ತು ಲಕ್ಷದಲ್ಲಿ ಒಂದು ಪಾಲು. ಅದರ ಸಾವಿರದಲ್ಲೊಂದು ಮೈಕ್ರೊಗ್ಯಾಲ್.

ಪ್ರಶ್ನೆ: ಮೇಡಂ, ವಸ್ತುವಿನ ದ್ರವ್ಯರಾಶಿಯೆಲ್ಲ ಅದರ ಕೇಂದ್ರದಲ್ಲಿ ಇದೆ ಎಂದುಕೊಂಡು ಗುರುತ್ವ ಲೆಕ್ಕಹಾಕಬಹುದು ಎಂದು ಮಕ್ಕಳಿಗೆ ಪಾಠ ಮಾಡುತ್ತೇವೆ. ಹಾಗಾದರೆ ಆಕಾರಕ್ಕೊಂದು ಸೂತ್ರ ಏಕೆ ಬೇಕು? (ಒಬ್ಬ ಪ್ರೌಢಶಾಲಾ ಶಿಕ್ಷಕರು)

ಆ ಪಾಠ ಗೋಳಕ್ಕೆ ಮಾತ್ರ ಸರಿ, ಸರ್. 1687ರಲ್ಲಿ ನ್ಯೂಟನ್ ಸಾಧಿಸಿ ತೋರಿಸಿದ್ದು ಗೋಳದ ಬಗ್ಗೆ. ಏಕರೂಪದ ಗೋಳ ತನ್ನ ಹೊರಗಿನ ಯಾವ ಬಿಂದುವನ್ನಾದರೂ, ದ್ರವ್ಯವೆಲ್ಲ ಕೇಂದ್ರದಲ್ಲಿದ್ದರೆ ಹೇಗೋ ಹಾಗೆಯೇ ಸೆಳೆಯುತ್ತದೆ. ಗ್ರಹಗಳು ಹೆಚ್ಚುಕಡಿಮೆ ಗೋಳಗಳು, ದೂರವೂ ದೊಡ್ಡದು. ಹಾಗಾಗಿ ಖಗೋಳದಲ್ಲಿ ಅದರಿಂದ ಕೆಲಸ ನಡೆಯುತ್ತದೆ. ಭೂಭೌತಶಾಸ್ತ್ರದಲ್ಲಿ ನಾವು ನಿಲ್ಲುವುದು ವಸ್ತುವಿನ ನೆತ್ತಿಯ ಮೇಲೆಯೇ.

ಒಂದು ಘನವನ್ನು ತೆಗೆದುಕೊಳ್ಳಿ. ಬದಿ 100 ಮೀಟರ್, ಸುತ್ತಲಿನ ಬಂಡೆಗಿಂತ ಸಾಂದ್ರತೆ ಘನಸೆಂಟಿಮೀಟರಿಗೆ 1 ಗ್ರಾಂ ಹೆಚ್ಚು. ಮೇಲ್ಮುಖದ ನಟ್ಟನಡುವೆ ನಿಂತರೆ ನಿಜವಾದ ಸೆಳೆತ 1.73 ಮಿಲಿಗ್ಯಾಲ್. ದ್ರವ್ಯವನ್ನೆಲ್ಲ ಕೇಂದ್ರಕ್ಕೆ ತಳ್ಳಿ ಲೆಕ್ಕ ಹಾಕಿದರೆ 2.67 ಬರುತ್ತದೆ. ನಿಜವಾದದ್ದರ ಒಂದೂವರೆ ಪಟ್ಟಿಗೂ ಹೆಚ್ಚು! ಅದೇ ಮುಖದಿಂದ ಇನ್ನೂ ನೂರು ಮೀಟರ್ ಮೇಲೇರಿ ನೋಡಿ, ಎರಡು ಲೆಕ್ಕಗಳ ಅಂತರ ಶೇಕಡಾ ಒಂದಕ್ಕಿಂತ ತುಸು ಹೆಚ್ಚಿಗೆ ಇಳಿದಿರುತ್ತದೆ. ಘನದ ಎಲ್ಲ ಬದಿಗಳೂ ಸಮ, ಆದ್ದರಿಂದ ಅದು ಇಷ್ಟು ಬೇಗ ಗೋಳದಂತೆ ವರ್ತಿಸತೊಡಗುತ್ತದೆ. ಉದ್ದನೆಯ ಅಥವಾ ಚಪ್ಪಟೆ ವಸ್ತುವಾದರೆ ಬಹಳ ದೂರ ಹೋಗಬೇಕಾಗುತ್ತದೆ.

ಪ್ರಶ್ನೆ: ಬೂಗೇ ಚಪ್ಪಡಿಯ (ಸುತ್ತಲೂ ಕೊನೆಯಿಲ್ಲದೆ ಹರಡಿದ ಸಮತಟ್ಟು ಪದರದ) ಸೂತ್ರದಲ್ಲಿ ದಪ್ಪ ಇದೆ, ಸಾಂದ್ರತೆ ಇದೆ, ದೂರವೇ ಇಲ್ಲ. ಚಪ್ಪಡಿ ಕಾಲಡಿಯಲ್ಲಿದ್ದರೂ ಒಂದು ಕಿಲೋಮೀಟರ್ ಆಳದಲ್ಲಿದ್ದರೂ ಒಂದೇ ಸೆಳೆತವೇ? ನಂಬುವುದು ಕಷ್ಟವಾಗಿದೆ. (ಒಬ್ಬ ಬಿ.ಎಸ್ಸಿ. ವಿದ್ಯಾರ್ಥಿ)

ಒಂದೇ. ಈ ಪ್ರಶ್ನೆ ಕೇಳಿದ್ದಕ್ಕೆ ನಿಮಗೆ ಮನಸಾರೆ ಧನ್ಯವಾದ, ಏಕೆಂದರೆ ಇಡೀ ವಿಷಯದ ಕೀಲಿ ಇಲ್ಲೇ ಇದೆ.

ತಲೆಯ ಮೇಲೆ ಛತ್ರಿ ಹಿಡಿದಿದ್ದೀರಿ ಎಂದುಕೊಳ್ಳಿ. ಅದು ಆಕಾಶದ ಒಂದಿಷ್ಟು ಪಾಲನ್ನು ಮರೆಮಾಡುತ್ತದೆ. ಆ ಪಾಲಿಗೆ ಘನಕೋನ ಎನ್ನುತ್ತೇವೆ. ಈಗ ತೆಳುವಾದ ಒಂದು ಸಮತಲ ಪದರವನ್ನು ಯೋಚಿಸಿ. ಅದರ ಒಂದು ಪುಟ್ಟ ತುಣುಕಿನ ಸೆಳೆತ ದೂರದ ವರ್ಗಕ್ಕೆ ತಕ್ಕಂತೆ ಕುಗ್ಗುತ್ತದೆ, ಅದರಲ್ಲೂ ಗುರುತ್ವಮಾಪಕ ಓದುವುದು ಲಂಬ ದಿಕ್ಕಿನ ಪಾಲನ್ನು ಮಾತ್ರ. ಈ ಎರಡನ್ನೂ ಸೇರಿಸಿ ಬರೆದಾಗ ಉಳಿಯುವುದು ಆ ತುಣುಕು ನಿಮ್ಮ ಕಣ್ಣಿಗೆ ಎಷ್ಟು ಘನಕೋನವಾಗಿ ಕಾಣುತ್ತದೋ ಅಷ್ಟೇ. ಆದ್ದರಿಂದ ತೆಳುಪದರದ ಲಂಬ ಸೆಳೆತ ಎಂದರೆ ಗುರುತ್ವ ಸ್ಥಿರಾಂಕ, ಪದರದ ಚದರ ಮೀಟರಿನ ದ್ರವ್ಯರಾಶಿ, ಘನಕೋನ, ಈ ಮೂರರ ಗುಣಲಬ್ಧ. ಕೊನೆಯಿಲ್ಲದ ಪದರ ಎಷ್ಟು ಆಳದಲ್ಲಿದ್ದರೂ ಕೆಳಗಿನ ಅರ್ಧಗೋಳವನ್ನು ಪೂರ್ತಿ ತುಂಬುತ್ತದೆ. ಅದರ ಘನಕೋನ ಯಾವಾಗಲೂ 2 ಪೈ. ದೂರ ಮಾಯವಾಗುವುದು ಹೀಗೆ.

ಸಂಖ್ಯೆಯಲ್ಲಿ ಹೇಳುವುದಾದರೆ, ಸಾಂದ್ರತೆ 1 ಇರುವ ಚಪ್ಪಡಿಯ ಪ್ರತಿ ಮೀಟರ್ ದಪ್ಪಕ್ಕೆ 0.0419 ಮಿಲಿಗ್ಯಾಲ್. ಭೂಪದರದ ಬಂಡೆಗೆ ವಾಡಿಕೆಯಾಗಿ ಹಿಡಿಯುವ 2.67 ಸಾಂದ್ರತೆಗೆ 0.112. ನಿಜವಾದ ಚಪ್ಪಡಿಗೆ ಅಂಚು ಇದ್ದೇ ಇರುತ್ತದಲ್ಲ, ಅದಕ್ಕೆ ಎಷ್ಟು ಕಳೆಯಬೇಕು? ಬಿಲ್ಲೆಯ ಆಕಾರ ಹಿಡಿದು ನೋಡಿ. ಬಿಲ್ಲೆಯ ಮೇಲೆ ನಡುವೆ ನಿಂತಾಗ, ತ್ರಿಜ್ಯ ದಪ್ಪದ ಹತ್ತು ಪಟ್ಟು ಇದ್ದರೆ ಕೊನೆಯಿಲ್ಲದ ಚಪ್ಪಡಿಯ ಶೇ. 95 ಸಿಗುತ್ತದೆ, ನೂರು ಪಟ್ಟು ಇದ್ದರೆ ಶೇ. 99.5. ದಪ್ಪ, ತ್ರಿಜ್ಯ ಎರಡೂ ಸಮವಾದರೆ ಶೇ. 59 ಮಾತ್ರ.

ಇದೇ ಯೋಚನೆಯನ್ನು ಒಂದು ಹೆಜ್ಜೆ ಮುಂದಕ್ಕೆ ಒಯ್ಯಿರಿ. ಶಂಕುವಿನಾಕಾರದ ಬೆಟ್ಟದ ತುದಿಯಲ್ಲಿ ನಿಂತಿದ್ದೀರಿ. ಬೆಟ್ಟವನ್ನು ಅಡ್ಡಡ್ಡ ಪದರಗಳಾಗಿ ಕತ್ತರಿಸಿದರೆ ಕೆಳಗಿನ ಪದರ ದೊಡ್ಡದು, ಆದರೆ ದೂರ. ಮೇಲಿನದು ಚಿಕ್ಕದು, ಆದರೆ ಹತ್ತಿರ. ತುದಿಯಿಂದ ನೋಡುವಾಗ ಎಲ್ಲ ಪದರಗಳ ಘನಕೋನವೂ ಒಂದೇ! ಆದ್ದರಿಂದ ಶಂಕುವಿನ ತುದಿಯಲ್ಲಿ ಸೆಳೆತ ಎಂದರೆ ಅಷ್ಟೇ ಎತ್ತರದ ಚಪ್ಪಡಿಯ ಸೆಳೆತವನ್ನು, ಒಂದರಿಂದ ಅರ್ಧಶೃಂಗಕೋನದ (ಶಂಕುವಿನ ನಡುಗೆರೆಗೂ ಇಳಿಜಾರಿಗೂ ನಡುವಿನ ಕೋನದ) ಕೊಸೈನ್ ಕಳೆದು ಬಂದದ್ದರಿಂದ ಗುಣಿಸಿದಷ್ಟು. ಸಾವಿರ ಮೀಟರ್ ಎತ್ತರದ, 20 ಡಿಗ್ರಿ ಇಳಿಜಾರಿನ, 2.67 ಸಾಂದ್ರತೆಯ ಬೆಟ್ಟಕ್ಕೆ ಲೆಕ್ಕ ಹಾಕಿ. ಚಪ್ಪಡಿ ಸೂತ್ರ 112 ಮಿಲಿಗ್ಯಾಲ್ ಹೇಳುತ್ತದೆ, ಶಂಕು ಕೊಡುವುದು 74. ಉಳಿದ 38 ಮಿಲಿಗ್ಯಾಲೇ ಭೂರೂಪ ತಿದ್ದುಪಡಿ, ಅಂದರೆ ನೆಲದ ಏರಿಳಿತಕ್ಕಾಗಿ ಚಪ್ಪಡಿಯ ಲೆಕ್ಕಕ್ಕೆ ಮಾಡುವ ತಿದ್ದುಪಡಿ. ಅನುಕಲನದ ಪುಟಗಳನ್ನು ತಿರುವದೆ ಒಂದು ಬೆಟ್ಟದ ಸೆಳೆತವನ್ನು ನೀವು ಈಗ ತಾನೇ ಕಂಡುಹಿಡಿದಿರಿ.

ಪ್ರಶ್ನೆ: ಹಿಮಾಲಯದ ಸೆಳೆತವನ್ನು ಲೆಕ್ಕ ಹಾಕಿದಾಗ ಅಳತೆಗೆ ತಾಳೆಯಾಗಲಿಲ್ಲವಂತೆ. ಲೆಕ್ಕ ತಪ್ಪಿತ್ತೇ? (ಇತಿಹಾಸದಲ್ಲಿ ಆಸಕ್ತಿಯುಳ್ಳ ಓದುಗರು)

ಲೆಕ್ಕದ ವಿಧಾನ ಸರಿಯಾಗಿಯೇ ಇತ್ತು, ಬೆಟ್ಟದಡಿ ಏನಿದೆ ಎಂಬ ಊಹೆ ಮಾತ್ರ ಸರಿಯಿರಲಿಲ್ಲ. ಭಾರತದ ಮಹಾ ತ್ರಿಕೋನಮಿತಿ ಸಮೀಕ್ಷೆಯಲ್ಲಿ ಉತ್ತರದ ಕಲಿಯಾನಾ ಮತ್ತು ದಕ್ಷಿಣದ ಕಲಿಯಾನ್‌ಪುರದ ನಡುವಿನ ಅಕ್ಷಾಂಶದ ಅಂತರವನ್ನು ನಕ್ಷತ್ರ ನೋಡಿ ಅಳೆದದ್ದಕ್ಕೂ ನೆಲದ ಮೇಲೆ ಅಳೆದದ್ದಕ್ಕೂ 5.236 ಕೋನದ ಸೆಕೆಂಡುಗಳ (ಡಿಗ್ರಿಯ 3600ರಲ್ಲಿ ಒಂದು ಪಾಲು ಒಂದು ಸೆಕೆಂಡು) ವ್ಯತ್ಯಾಸ ಬಂತು. ನೆಲದ ಮೇಲೆ ಅದು ಸುಮಾರು 160 ಮೀಟರ್. ಪರ್ವತ ತೂಗುಗುಂಡನ್ನು ತನ್ನ ಕಡೆ ಎಳೆಯುತ್ತಿರಬೇಕು ಎಂದು ಅನುಮಾನ. ಕಲ್ಕತ್ತೆಯ ಆರ್ಚ್‌ಡೀಕನ್ ಜಾನ್ ಹೆನ್ರಿ ಪ್ರ್ಯಾಟ್ ಹಿಮಾಲಯ ಮತ್ತು ಅದರಾಚೆಯ ಪ್ರಸ್ಥಭೂಮಿಯನ್ನು ತುಂಡುತುಂಡಾಗಿ ವಿಂಗಡಿಸಿ, ಪ್ರತಿ ತುಂಡಿನ ಸೆಳೆತವನ್ನು ಕೂಡಿದರು. 1855ರಲ್ಲಿ ಪ್ರಕಟವಾದ ಅವರ ಉತ್ತರ 15.885 ಸೆಕೆಂಡು, ಕಂಡದ್ದರ ಮೂರು ಪಟ್ಟು. ಅದೇ ವರ್ಷ ಏರಿ ಎಂಬ ಖಗೋಳವಿಜ್ಞಾನಿ ಒಂದು ವಿವರಣೆ ಕೊಟ್ಟರು: ಪರ್ವತದ ಹಗುರ ಬಂಡೆಗೆ ಆಳದಲ್ಲಿ ಬೇರು ಇದೆ, ಅದು ಅಲ್ಲಿನ ಭಾರವಾದ ದ್ರವ್ಯದ ಜಾಗ ಹಿಡಿದಿದೆ, ಆದ್ದರಿಂದ ಒಟ್ಟು ಸೆಳೆತ ಕಡಿಮೆ. ಭೂಪದರ ತೇಲಿಕೊಂಡು ಸಮತೋಲದಲ್ಲಿದೆ ಎಂಬ ತಿಳಿವಳಿಕೆಗೆ ಆ ಮೂರು ಪಟ್ಟಿನ ವ್ಯತ್ಯಾಸವೇ ದಾರಿ ಮಾಡಿತು. ಪ್ರ್ಯಾಟ್ ಅವರು ಕೈಯಲ್ಲೇ ಅಷ್ಟು ನಿಷ್ಠೆಯಿಂದ ಲೆಕ್ಕ ಮಾಡಿರದಿದ್ದರೆ ವ್ಯತ್ಯಾಸ ಇದೆ ಎಂಬುದೇ ತಿಳಿಯುತ್ತಿರಲಿಲ್ಲ. ಅವರ ಮೇಲೆ ನನಗೆ ಅಪಾರ ಗೌರವ.

ಬೆಟ್ಟವನ್ನು ತುಂಡರಿಸುವ ಉಪಾಯ ಅದಕ್ಕೂ ಹಳೆಯದು. 1774ರಲ್ಲಿ ಸ್ಕಾಟ್ಲೆಂಡಿನ ಶಿಹಾಲಿಯನ್ ಬೆಟ್ಟದ ಎರಡೂ ಬದಿಯಲ್ಲಿ ಖಗೋಳವಿಜ್ಞಾನಿ ಮ್ಯಾಸ್ಕಲೀನ್ ತೂಗುಗುಂಡಿನ ವಾಲಿಕೆ ಅಳೆದರು. ಗಣಿತಜ್ಞ ಚಾರ್ಲ್ಸ್ ಹಟನ್ ಬೆಟ್ಟವನ್ನು ಉಂಗುರ ಮತ್ತು ಅರಗಳಲ್ಲಿ ಸೀಳಿ, ನಿಂತ ಕಂಬಗಳಾಗಿ ಎಣಿಸಿ ಅದರ ಸೆಳೆತ ಲೆಕ್ಕ ಹಾಕಿದರು. ಒಂದೇ ಎತ್ತರದ ಬಿಂದುಗಳನ್ನು ಗೆರೆಯಿಂದ ಸೇರಿಸುವುದು ಅವರಿಗೆ ಹೊಳೆದದ್ದು ಈ ಕೆಲಸದ ನಡುವೆಯೇ. ಭೂಮಿಯ ಸರಾಸರಿ ಸಾಂದ್ರತೆ ನೀರಿನ 4.5 ಪಟ್ಟು ಎಂದು ಅವರ ಉತ್ತರ, ಇಂದಿನದು 5.51. 1939ರಲ್ಲಿ ಭೂಭೌತವಿಜ್ಞಾನಿ ಹ್ಯಾಮರ್ ಭೂರೂಪ ತಿದ್ದುಪಡಿಗೆ ಕೊಟ್ಟ ಕೋಷ್ಟಕಗಳಲ್ಲೂ ಇರುವುದು ಉಂಗುರ ಮತ್ತು ಅರಗಳೇ.

ಪ್ರಶ್ನೆ: ಆಯತಾಕಾರದ ಪ್ರಿಸ್ಮಿನ (ಪೆಟ್ಟಿಗೆಯಾಕಾರದ ಕಾಯದ) ಸೂತ್ರ ಹಾಕಿ ಪ್ರೋಗ್ರಾಂ ಬರೆದಿದ್ದೇನೆ. ಒಮ್ಮೊಮ್ಮೆ ಸಂಖ್ಯೆಯೇ ಬರುವುದಿಲ್ಲ, ದೂರದ ಬಿಂದುಗಳಲ್ಲಿ ಉತ್ತರ ಮೇಲೆ ಕೆಳಗೆ ಹಾರುತ್ತದೆ. ಉಳಿದ ಕಡೆ ಬಂದದ್ದು ಸರಿಯೇ ಎಂದು ಹೇಗೆ ನಂಬಲಿ, ಮೇಡಂ? (ಒಬ್ಬ ಎಂ.ಎಸ್ಸಿ. ವಿದ್ಯಾರ್ಥಿನಿ)

ಮೊದಲು ಸೂತ್ರದ ಮೈಕಟ್ಟು ನೋಡೋಣ, ಅದು ಗೊತ್ತಾದರೆ ನಿಮ್ಮ ಎರಡೂ ತೊಂದರೆಗಳ ಕಾರಣ ತಾನಾಗಿ ಕಾಣುತ್ತದೆ. ಸಾಂದ್ರತೆ ಎಲ್ಲೆಡೆ ಒಂದೇ ಆದ್ದರಿಂದ ಅದು ಅನುಕಲನದ (ಪುಟ್ಟ ತುಣುಕುಗಳ ಸೆಳೆತವನ್ನೆಲ್ಲ ಕೂಡುವ ಗಣಿತದ) ಹೊರಗೆ ಬಂದುಬಿಡುತ್ತದೆ, ಒಳಗೆ ಉಳಿಯುವುದು ಬರೀ ಆಕಾರ. ಗಾತ್ರದ ಮೇಲಿನ ಅನುಕಲನವನ್ನು ಮುಖಗಳ ಮೇಲಿನದಾಗಿ, ಮುಖಗಳದ್ದನ್ನು ಅಂಚುಗಳ ಮೇಲಿನದಾಗಿ ಇಳಿಸಬಹುದು. ಕೊನೆಗೆ ನಾಗಿ ಎಂಬ ಭೂಭೌತವಿಜ್ಞಾನಿ 1966ರಲ್ಲಿ ಕೊಟ್ಟ ರೂಪದಂತೆ ಎಂಟು ಮೂಲೆಗಳ ಮೊತ್ತ ಬರುತ್ತದೆ. ಇಂದು ಸಾಮಾನ್ಯವಾಗಿ ಬರೆಯುವಂತೆ ಪ್ರತಿ ಮೂಲೆಗೆ ಎರಡು ಲಾಗರಿದಮ್, ಒಂದು ಆರ್ಕ್‌ಟ್ಯಾನ್ (ಟ್ಯಾನ್ ಬೆಲೆಯಿಂದ ಕೋನ ಕೊಡುವ ಫಲನ). ಲಾಗರಿದಮ್ಮುಗಳು ಅಂಚುಗಳ ಲೆಕ್ಕ. ಆರ್ಕ್‌ಟ್ಯಾನ್ ಮುಖದ ಘನಕೋನದ ಲೆಕ್ಕ, ಮೇಲಿನ ಚಪ್ಪಡಿಯ ಉತ್ತರದಲ್ಲಿ ಕಂಡ ಅದೇ ಘನಕೋನ.

ಸಂಖ್ಯೆ ಬಾರದಿರುವುದು ನಿಮ್ಮ ಬಿಂದು ಮೂಲೆಯ ಮೇಲೆ, ಅಂಚಿನ ಮೇಲೆ ಅಥವಾ ಅಂಚನ್ನು ಹೊರಗೆ ಎಳೆದ ರೇಖೆಯ ಮೇಲೆ ಬಿದ್ದಾಗ. ಅಲ್ಲಿ ಲಾಗರಿದಮ್ಮಿನ ಒಳಗೆ ಸೊನ್ನೆ ಬರುತ್ತದೆ, ಹೊರಗೆ ಗುಣಿಸುವುದೂ ಸೊನ್ನೆ. ಸೀಮೆಯಲ್ಲಿ ಆ ಪದದ ಬೆಲೆ ಸೊನ್ನೆಯೇ. ಪ್ರೋಗ್ರಾಮಿನಲ್ಲಿ ಹಾಗೆಂದು ಬರೆದುಬಿಡಿ. ಏಕರೂಪ ಸಾಂದ್ರತೆಯ ಕಾಯದ ಗುರುತ್ವ ಎಲ್ಲೂ ಅನಂತವಾಗುವುದಿಲ್ಲ, ಮುಖ ದಾಟುವಾಗಲೂ ಜಿಗಿಯುವುದಿಲ್ಲ. ಗುರುತ್ವದ ಬದಲಾವಣೆಯ ದರ ಬೇಕಾದರೆ ಮಾತ್ರ ಎಚ್ಚರ, ಅದು ಅಂಚಿನ ಮೇಲೆ ನಿಜಕ್ಕೂ ಅನಂತ.

ದೂರದಲ್ಲಿ ಹಾರಾಡುವುದಕ್ಕೆ ಕಾರಣ ಬೇರೆ. ಎಂಟು ದೊಡ್ಡ ಸಂಖ್ಯೆಗಳು ಒಂದನ್ನೊಂದು ಕಳೆದು ಒಂದು ಪುಟ್ಟ ಉತ್ತರ ಉಳಿಯಬೇಕು. ದೂರ ಹೆಚ್ಚಿದಂತೆ ಕಳೆಯುವ ಸಂಖ್ಯೆಗಳು ಬೆಳೆಯುತ್ತವೆ, ಉತ್ತರ ಕುಗ್ಗುತ್ತದೆ. ಕೊನೆಯ ಅಂಕೆಗಳನ್ನು ಬಿಡುವುದರಿಂದ ಬರುವ ಪೂರ್ಣಾಂಕನದ ದೋಷ, ದೂರವನ್ನು ಬದಿಯಿಂದ ಭಾಗಿಸಿದ್ದರ ಮೂರನೆಯ ಘಾತಕ್ಕೆ ತಕ್ಕಂತೆ ಉಬ್ಬುತ್ತದೆ. ಏಳು ಅಂಕೆಯ ನಿಖರತೆಯಲ್ಲಿ ಲೆಕ್ಕ ಮಾಡಿದರೆ ಬದಿಯ ನೂರು ಪಟ್ಟು ದೂರದಲ್ಲಿ ನಂಬುವಂಥದ್ದು ಏನೂ ಉಳಿಯುವುದಿಲ್ಲ. ಹದಿನಾರು ಅಂಕೆ ಹಿಡಿದರೆ ಸಾವಿರ ಪಟ್ಟು ದೂರದಲ್ಲೂ ಆರು ಅಂಕೆಯಷ್ಟು ಸರಿಯಿರುತ್ತದೆ. ಅದಕ್ಕೂ ಆಚೆ ಹೋಗುವ ಮುನ್ನವೇ ಪ್ರಿಸ್ಮನ್ನು ಬಿಟ್ಟು ಬಿಂದು ದ್ರವ್ಯರಾಶಿಯ ಸೂತ್ರಕ್ಕೆ ಬದಲಾಯಿಸಿ. ಅಲ್ಲಿ ಅದೇ ಹೆಚ್ಚು ನಿಖರ.

ಇನ್ನು ನಂಬುಗೆಯ ಮಾತು. ನನ್ನ ವಿದ್ಯಾರ್ಥಿಗಳಿಗೆ ನಾನು ಒತ್ತಿ ಹೇಳುವುದು ಇದನ್ನೇ: ಕೈಯಲ್ಲಿ ಉತ್ತರ ಗೊತ್ತಿರುವ ಕಾಯದ ಮೇಲೆ ಓಡಿಸದ ಪ್ರೋಗ್ರಾಮಿನ ಸಂಖ್ಯೆಯನ್ನು ಯಾವ ನಕ್ಷೆಗೂ ಹಾಕಬೇಡಿ. ಮೇಲಿನ ನೂರು ಮೀಟರ್ ಘನಕ್ಕೆ 1.73 ಬರುತ್ತದೆಯೇ ನೋಡಿ. ಅದನ್ನು ಎಂಟು ಚಿಕ್ಕ ಘನಗಳಾಗಿ ಸೀಳಿ ಕೂಡಿ, ಉತ್ತರ ಕದಲಬಾರದು. ಪ್ರಿಸ್ಮನ್ನು ಅಡ್ಡಕ್ಕೆ ಹಿಗ್ಗಿಸುತ್ತಾ ಹೋಗಿ, ಚಪ್ಪಡಿಯ ಬೆಲೆಗೆ ಸರಿಯಬೇಕು. ಮೇಲಿನ ಮುಖದಿಂದ ಕೆಳಗಿನ ಮುಖಕ್ಕೆ ಬಿಂದುವನ್ನು ಒಯ್ದಾಗ ಚಿಹ್ನೆ ಮಾತ್ರ ತಿರುಗಬೇಕು. ಚಿಹ್ನೆಯ ಗೊಂದಲ ಬಹಳ ಕಡೆ ನೋಡಿದ್ದೇನೆ. ಆಳವನ್ನು ಕೆಳಮುಖವಾಗಿ ಧನ ಎಂದು ಹಿಡಿದವರೂ ಮೇಲ್ಮುಖವಾಗಿ ಹಿಡಿದವರೂ ಒಂದೇ ಸೂತ್ರವನ್ನು ಬೇರೆ ಬೇರೆಯಾಗಿ ಬರೆಯುತ್ತಾರೆ, ನಕಲು ಮಾಡುವಾಗ ಎರಡೂ ಬೆರೆತುಹೋಗುತ್ತವೆ.

ಪ್ರಿಸ್ಮ್ ಒಂದೇ ದಾರಿಯಲ್ಲ. ಒಂದು ದಿಕ್ಕಿಗೆ ಉದ್ದವಾಗಿ ಚಾಚಿದ ರಚನೆಯಾದರೆ ಅದರ ಅಡ್ಡಕೊಯ್ತವನ್ನು ಬಹುಭುಜವಾಗಿ ಬರೆದು, ಬದಿಬದಿಯ ಕೊಡುಗೆ ಕೂಡುವ ವಿಧಾನವನ್ನು ಮಾಣಿಕ್ ತಲ್ವಾನಿ, ವೋರ್ಜೆಲ್, ಲ್ಯಾಂಡಿಸ್ಮನ್ 1959ರಲ್ಲಿ ಕೊಟ್ಟರು. ಮರುವರ್ಷ ತಲ್ವಾನಿ ಮತ್ತು ಯೂಯಿಂಗ್, ಬಹುಭುಜ ಪದರಗಳನ್ನು ಒಂದರ ಮೇಲೊಂದು ಪೇರಿಸಿ ಯಾವ ಆಕಾರವನ್ನಾದರೂ ಲೆಕ್ಕ ಹಾಕುವುದು ಹೇಗೆಂದು ತೋರಿಸಿದರು. ನಿಮ್ಮ ಪ್ರಿಸ್ಮ್ ಸರಿಯಾದ ಮೇಲೆ ತಲ್ವಾನಿ ವಿಧಾನವನ್ನು ನೀವೇ ಬರೆದು ನೋಡಿ, ಬಹಳ ಖುಷಿ ಕೊಡುವ ಕೆಲಸ.

ಪ್ರಶ್ನೆ: ಕಟ್ಟಡದ ಜಾಗದಲ್ಲಿ ನೆಲದಡಿ ಟೊಳ್ಳು ಇದೆಯೇ ಎಂದು ಗುರುತ್ವದಿಂದ ತಿಳಿಯಬಹುದೇ? (ಒಬ್ಬ ಸಿವಿಲ್ ಎಂಜಿನಿಯರ್)

ಎಷ್ಟು ದೊಡ್ಡದು, ಎಷ್ಟು ಆಳ ಎಂಬುದರ ಮೇಲೆ ನಿಂತಿದೆ. 2 ಮೀಟರ್ ತ್ರಿಜ್ಯದ ಗೋಳಾಕಾರದ ಟೊಳ್ಳು, ಕೇಂದ್ರ 4 ಮೀಟರ್ ಆಳದಲ್ಲಿ, ಸುತ್ತಲ ಬಂಡೆಯ ಸಾಂದ್ರತೆ 2.5 ಎಂದು ಹಿಡಿಯಿರಿ. ನೇರ ಮೇಲೆ ಗುರುತ್ವ 35 ಮೈಕ್ರೊಗ್ಯಾಲ್ ಕಡಿಮೆ ಇರುತ್ತದೆ. ನೀರು ತುಂಬಿದ್ದರೆ 21. ಕೇಂದ್ರ 8 ಮೀಟರಿಗೆ ಇಳಿದರೆ, ಖಾಲಿ ಟೊಳ್ಳಿಗೂ 9ಕ್ಕಿಂತ ಕಡಿಮೆ. ಒಳ್ಳೆಯ ಉಪಕರಣಕ್ಕೆ ಮೊದಲಿನ ಎರಡು ಸಿಗುತ್ತವೆ, ಮೂರನೆಯದು ಹೊರಗಿನ ಗದ್ದಲದಲ್ಲಿ ಮುಳುಗುವಷ್ಟು ಹತ್ತಿರ. ಮಾಪಕವನ್ನು ಒಂದು ಸೆಂಟಿಮೀಟರ್ ಎತ್ತರಿಸಿದರೆ ಸಾಕು, 3 ಮೈಕ್ರೊಗ್ಯಾಲ್ ಬದಲಾಗುತ್ತದೆ. ಹಾಗಾಗಿ ಪ್ರತಿ ಬಿಂದುವಿನ ಎತ್ತರವನ್ನು ಲೆವೆಲಿಂಗ್ ಮಾಡಿ ಅಳೆಯದೆ ಈ ಕೆಲಸಕ್ಕೆ ಕೈಹಾಕಬೇಡಿ.

ಆಳ ಹೇಳುವಾಗ ಆಕಾರ ಮುಖ್ಯ. ಸೆಳೆತದ ಕೊರತೆ ಅರ್ಧಕ್ಕೆ ಇಳಿಯುವ ಜಾಗ ನಡುವಿನಿಂದ ಎಷ್ಟು ದೂರ ಎಂದು ಅಳೆಯಿರಿ. ಗೋಳವಾದರೆ ಕೇಂದ್ರದ ಆಳ ಆ ದೂರದ 1.305 ಪಟ್ಟು. ಅಡ್ಡ ಮಲಗಿದ ಉದ್ದನೆಯ ಸುರಂಗವಾದರೆ ಆಳ ಸರಿಯಾಗಿ ಆ ದೂರದಷ್ಟೇ.

ಇನ್ನೊಂದು ಮಾತು, ಇದನ್ನು ವರದಿಯಲ್ಲಿ ಬರೆಯಲೇಬೇಕು. ಮೇಲಿನ ಟೊಳ್ಳಿನ ಬದಲು ಅದೇ ಕೇಂದ್ರದಲ್ಲಿ 3 ಮೀಟರ್ ತ್ರಿಜ್ಯದ, ಸುತ್ತಲಿಗಿಂತ 0.74ರಷ್ಟು ಕಡಿಮೆ ಸಾಂದ್ರತೆಯ ಸಡಿಲ ಮಣ್ಣಿನ ಗೋಳವಿದ್ದರೆ ನೆಲದ ಮೇಲಿನ ಪ್ರತಿ ಬಿಂದುವಿನಲ್ಲೂ ಓದು ಅದೇ ಇರುತ್ತದೆ. ಯಾವ ಉಪಕರಣಕ್ಕೂ ಇವೆರಡನ್ನು ಬೇರ್ಪಡಿಸಲಾಗದು. ಖಚಿತವಾಗಿ ಸಿಗುವುದು ಒಟ್ಟು ಕೊರತೆಯ ದ್ರವ್ಯರಾಶಿ, ಇಲ್ಲಿ ಸುಮಾರು 84 ಟನ್. ಅದು ಗೌಸ್‌ನ ಪ್ರಮೇಯದಿಂದ (ಮೇಲ್ಮೈಯ ಎಲ್ಲ ಓದುಗಳ ಮೊತ್ತ ಒಳಗಿನ ದ್ರವ್ಯರಾಶಿಯನ್ನು ಹೇಳುತ್ತದೆ ಎಂಬ ನಿಯಮದಿಂದ) ಬರುವುದರಿಂದ ಆಕಾರದ ಊಹೆಯೇ ಬೇಡ. ಟೊಳ್ಳೋ ಸಡಿಲ ಮಣ್ಣೋ ಎಂಬುದನ್ನು ಬೋರ್ ಕೊರೆದೇ ನೋಡಬೇಕು. ಎಲ್ಲಿ ಕೊರೆಯಬೇಕೆಂದು ಮಾತ್ರ ಗುರುತ್ವ ಹೇಳಿರುತ್ತದೆ.

ಪ್ರಶ್ನೆ: ಕಾಂತೀಯ ಸಮೀಕ್ಷೆಗೂ ಇವೇ ಸೂತ್ರಗಳು ನಡೆಯುತ್ತವೆಯೇ?

ಹತ್ತಿರದ ನೆಂಟಸ್ತಿಕೆ ಇದೆ. ಕಾಯದ ಸಾಂದ್ರತೆಯೂ ಕಾಂತತ್ವವೂ (ಬಂಡೆ ಎಷ್ಟು, ಯಾವ ದಿಕ್ಕಿಗೆ ಕಾಂತವಾಗಿದೆ ಎಂಬುದೂ) ಏಕರೂಪವಾಗಿದ್ದರೆ, ಕಾಂತತ್ವದ ದಿಕ್ಕಿನಲ್ಲಿ ಗುರುತ್ವ ಬದಲಾಗುವ ದರಕ್ಕೆ ಕಾಂತಕ್ಷೇತ್ರ ಅನುಪಾತದಲ್ಲಿರುತ್ತದೆ. ಇದಕ್ಕೆ ಪ್ವಾಸೋನ್ ಸಂಬಂಧ ಎನ್ನುತ್ತಾರೆ.

ಪ್ರಶ್ನೆ: ಪ್ರಕೃತಿಯಲ್ಲಿ ಏಕರೂಪ ಸಾಂದ್ರತೆಯ ಬಂಡೆ ಎಲ್ಲಿದೆ? ಇಲ್ಲದ ವಸ್ತುವಿಗೆ ಇಷ್ಟು ನಿಖರ ಲೆಕ್ಕ ಏಕೆ? (ಒಬ್ಬ ನಿವೃತ್ತ ಭೂವಿಜ್ಞಾನಿ)

ಈ ಪ್ರಶ್ನೆ ನೀವು ಕೇಳಿದ್ದು ಸಂತೋಷ, ಸರ್. ಸಂಚಿತ ಶಿಲೆಯ ದ್ರೋಣಿಗಳಲ್ಲಿ ಆಳಕ್ಕೆ ಹೋದಂತೆ ಪದರಗಳು ಒತ್ತಿಕೊಂಡು ಸಾಂದ್ರತೆ ಏರುವುದನ್ನು ನೀವು ನನಗಿಂತ ಹೆಚ್ಚು ನೋಡಿದ್ದೀರಿ. ಅಂಥ ಕಡೆ ದ್ರೋಣಿಯನ್ನು ಒಂದೇ ಕಾಯ ಎನ್ನದೆ, ಒಂದೊಂದಕ್ಕೂ ತನ್ನದೇ ಸಾಂದ್ರತೆ ಇರುವ ತೆಳು ಪದರಗಳಾಗಿ ಪೇರಿಸುತ್ತೇವೆ. ಏಕರೂಪದ ಕಾಯ ಅಲ್ಲಿ ಕಟ್ಟುವ ಇಟ್ಟಿಗೆ ಮಾತ್ರ.

ಅದಕ್ಕಿಂತ ದೊಡ್ಡ ಉಪಯೋಗ ಕ್ಷುದ್ರಗ್ರಹಗಳಲ್ಲಿ ಕಾಣುತ್ತದೆ. ಈರಾಸ್ ಸುಮಾರು 34 ಕಿಲೋಮೀಟರ್ ಉದ್ದ, 11 ಕಿಲೋಮೀಟರ್ ಅಗಲದ ಸೊಟ್ಟ ಬಂಡೆ. ಇಂಥದ್ದಕ್ಕೆ ಗೋಳದ ಲೆಕ್ಕ ನಡೆಯುವುದಿಲ್ಲ. ಗೋಳದಿಂದ ಶುರುಮಾಡಿ ತಿದ್ದುಪಡಿಗಳನ್ನು ಒಂದೊಂದಾಗಿ ಕೂಡುತ್ತಾ ಹೋಗುವ, ಗ್ರಹಗಳಿಗೆ ಬಳಸುವ ಗೋಲೀಯ ಸರಣಿಯೂ ಕಾಯವನ್ನು ಸುತ್ತುವರಿದ ಗೋಳದ ಒಳಗೆ ಬಂದ ಮೇಲೆ ನಂಬಿಕೆಗೆ ಬಾರದು. ಆದ್ದರಿಂದ ಮೇಲ್ಮೈಯನ್ನು ಸಾವಿರಾರು ತ್ರಿಕೋನಗಳಾಗಿ ಅಳೆದು, ಒಳಗೆಲ್ಲ ಒಂದೇ ಸಾಂದ್ರತೆ ಎಂದು ಹಿಡಿದು, ಅಂಚುಗಳ ಲಾಗರಿದಮ್ ಮತ್ತು ಮುಖಗಳ ಘನಕೋನ ಕೂಡುತ್ತಾರೆ. ವರ್ನರ್ ಮತ್ತು ಶೀರ್ಸ್ 1990ರ ದಶಕದಲ್ಲಿ ಇದನ್ನು ಕ್ಷುದ್ರಗ್ರಹಗಳಿಗೆ ಒಗ್ಗಿಸಿದರು. 2000ದಲ್ಲಿ ನಿಯರ್ ನೌಕೆ ಈರಾಸನ್ನು ಸುತ್ತಿ, ತನ್ನ ಹಾದಿ ಬಾಗಿದ ರೀತಿಯಿಂದ ನಿಜವಾದ ಗುರುತ್ವ ಅಳೆಯಿತು. ಆಕಾರದಿಂದ ಲೆಕ್ಕ ಹಾಕಿದ್ದಕ್ಕೂ ಅದಕ್ಕೂ ಬಹಳ ಚೆನ್ನಾಗಿ ತಾಳೆಯಾಯಿತು. ಒಳಗೆ ಹೆಚ್ಚುಕಡಿಮೆ ಏಕರೂಪ, ಸರಾಸರಿ ಸಾಂದ್ರತೆ 2.67. ನಾವು ಭೂಮಿಯ ಮೇಲೆ ವಾಡಿಕೆಯಾಗಿ ಹಿಡಿಯುವ ಸಂಖ್ಯೆಯೇ ಅಲ್ಲೂ ಸಿಕ್ಕಿದ್ದು ಕಾಕತಾಳೀಯ, ಆದರೂ ನೋಡಿದಾಗಲೆಲ್ಲ ನನಗೆ ಸಂತೋಷವಾಗುತ್ತದೆ.

ಬೆನ್ನು ಎಂಬ ಕ್ಷುದ್ರಗ್ರಹದಲ್ಲಿ ಹಾಗಾಗಲಿಲ್ಲ. ಅದರ ಸರಾಸರಿ ಸಾಂದ್ರತೆ 1.19, ಅಂದರೆ ಒಳಗೆ ಬಹಳಷ್ಟು ಖಾಲಿ ಜಾಗ. 2019ರಲ್ಲಿ ಅದರ ಮೇಲ್ಮೈಯಿಂದ ಚಿಮ್ಮಿದ ಕಲ್ಲಿನ ಚೂರುಗಳು ಸುತ್ತಿದ ಹಾದಿಯನ್ನು ಒಸೈರಿಸ್-ರೆಕ್ಸ್ ನೌಕೆಯ ಕ್ಯಾಮೆರಾಗಳು ಹಿಡಿದವು. ಆ ಹಾದಿಗಳಿಂದ ತಿಳಿದ ಗುರುತ್ವ, ಏಕರೂಪ ಎಂದು ಹಿಡಿದ ಲೆಕ್ಕದಿಂದ ತುಸು ಬೇರೆಯಾಗಿತ್ತು. ಕೇಂದ್ರದಲ್ಲೂ ಸಮಭಾಜಕದ ಉಬ್ಬಿನಲ್ಲೂ ದ್ರವ್ಯ ಕಡಿಮೆ ಎಂಬುದು ಆ ವ್ಯತ್ಯಾಸದಿಂದಲೇ ಹೊರಬಂತು. ಏಕರೂಪದ ಲೆಕ್ಕ ಆರು ಅಂಕೆಗೆ ಸರಿಯಿದ್ದರೆ ಮಾತ್ರ ಇಂಥ ಸಣ್ಣ ವ್ಯತ್ಯಾಸವನ್ನು ಕಾಯದ ಒಳರಚನೆಗೆ ಸೇರಿಸಲು ಧೈರ್ಯ ಬರುತ್ತದೆ, ಇಲ್ಲವಾದರೆ ಅದು ನಮ್ಮ ಲೆಕ್ಕದ ದೋಷವೂ ಆಗಿರಬಹುದು.